ಇಪ್ಪತ್ತನಾಲ್ಕು ಬಾಗಿಲಿನ ದೊಡ್ಡಿ

ನವೆಂಬರ್ ತಿಂಗಳ ಎರಡನೇ ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷ. ಸ್ಥಳ, ತರೀಕೆರೆಯ ಒಂದು ಪ್ರೌಢಶಾಲೆಯ ಮಹಡಿ ಮೇಲಿನ ಕಂಪ್ಯೂಟರ್ ಕೋಣೆ. ಹಾಜರಿದ್ದವರು ಮೂವರು: ನನ್ನ ಸೊಸೆ, ಶಾಲೆಯ ಅಟೆಂಡರ್, ನಾನು. ಹವೆ ತಂಪು. ಕರೆಂಟ್ ಇದೆ.

ಹೀಗೆ ಬರೆದಿಡುವುದು ನನ್ನ ಹಳೆಯ ಅಭ್ಯಾಸ. ಅಜ್ಜಂಪುರದ ಸುತ್ತಿನ ಕಾವಲುಗಳಲ್ಲಿ, ಅಂದರೆ ದನ ಮೇಯಲೆಂದೇ ಬಿಟ್ಟ ಹುಲ್ಲುಗಾವಲುಗಳಲ್ಲಿ, ಅಮೃತಮಹಲ್ ದನಗಳ ಹಾಜರಿ ಹಿಡಿಯುವುದು ನನ್ನ ಉದ್ಯೋಗವಾಗಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಮೇಲಧಿಕಾರಿ ಒಂದು ದಪ್ಪ ಪುಸ್ತಕ ಕೊಟ್ಟು, ದಿನದ ಕೊನೆಗೆ ಮೂರು ಸಾಲು ಬರೆಯದೆ ಮನೆಗೆ ಹೋಗಕೂಡದು ಎಂದರು. ಬಾಗಿಲು, ಹಗ್ಗ, ನೀರು. ದೊಡ್ಡಿಯ ಬಾಗಿಲು ಹಾಕಿದೆಯೇ, ಹಗ್ಗದ ತುದಿ ಎಲ್ಲಾದರೂ ಸಡಿಲ ಬಿದ್ದಿದೆಯೇ, ತೊಟ್ಟಿಯಲ್ಲಿ ನೀರಿದೆಯೇ. ಹಗ್ಗದ ವಿಷಯದಲ್ಲಂತೂ ಅವರು ಬಹಳ ಬಿಗಿ. ಈಟಿಯಂಥ ಕೊಂಬಿನ ದನ. ಸಡಿಲ ಹಗ್ಗ ಕೊಂಬಿಗೆ ಸಿಕ್ಕಿಕೊಂಡರೆ ಒಂದು ದನ ಬೆದರುತ್ತದೆ, ಒಂದು ಬೆದರಿದರೆ ಹಿಂಡೇ ಬೇಲಿ ಮುರಿಯುತ್ತದೆ. ಆದ್ದರಿಂದ ತುದಿ ಕಂಡರೆ ಎತ್ತಿ ಹತ್ತಿರದ ಗೂಟಕ್ಕೆ ಕಟ್ಟು. ಯಾರ ಹಗ್ಗ ಎಂದು ಕೇಳುವುದು ಆಮೇಲೆ.

ನಿವೃತ್ತಿಯಾಗಿ ಎಷ್ಟೋ ವರ್ಷವಾಯಿತು. ಮೂರು ಸಾಲು ಮಾತ್ರ ನಿಂತಿಲ್ಲ. ಮನೆಯಲ್ಲಿ ಈಗ ಬಾಗಿಲು ಎಂದರೆ ಗೇಟು, ನೀರು ಎಂದರೆ ಮೇಲಿನ ಟ್ಯಾಂಕು, ಹಗ್ಗ ಎಂದರೆ ಬಟ್ಟೆ ಒಣಹಾಕುವ ತಂತಿ. ಹೆಂಡತಿ ನಗುತ್ತಾಳೆ, ನಗಲಿ.

ಆ ದಿನ ನಾನು ತರೀಕೆರೆಗೆ ಹೋಗಿದ್ದು ಸೊಸೆಯ ಕೆಲಸಕ್ಕೆ. ಆರು ವರ್ಷ ಅವಳು ಅಜ್ಜಂಪುರದಿಂದ ಕಡೂರಿಗೆ ದಿನಾ ರೈಲಿನಲ್ಲಿ ಓಡಾಡಿ, ಒಂದು ಅಂಗಡಿಯಲ್ಲಿ ಕಂಪ್ಯೂಟರುಗಳಿಗೆ ವೈರು ಎಳೆಯುವ ಕೆಲಸ ಮಾಡಿದಳು. ಏಣಿ ಹತ್ತುವವಳು ಇವಳು, ಗೋಡೆ ಕೊರೆಯುವವಳು ಇವಳು. ಕೆಲಸ ಮುಗಿದ ಮೇಲೆ ಹೆಸರು ಅಂಗಡಿಯವರದು. ಈ ಶಾಲೆಯ ಕೆಲಸ ಅವಳ ಸ್ವಂತ ಹೆಸರಿನಲ್ಲಿ ಒಪ್ಪಿಕೊಂಡ ಮೊದಲನೆಯದು. ಇಪ್ಪತ್ತು ಕಂಪ್ಯೂಟರು, ಅವಕ್ಕೆಲ್ಲ ಪ್ರಶ್ನೆಪತ್ರಿಕೆ ಹಂಚುವ ಒಂದು ದೊಡ್ಡ ಯಂತ್ರ, ಅದನ್ನು ಸರ್ವರ್ ಎನ್ನುತ್ತಾರೆ. ಇಷ್ಟನ್ನೂ ಒಂದಕ್ಕೊಂದು ಜೋಡಿಸಿ ಕೊಡಬೇಕು. ಆ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಪರೀಕ್ಷೆ ನಡೆಸುವವರ ಕಡೆಯ ಒಬ್ಬ ಅಧಿಕಾರಿ ಬಂದು ಪರಿಶೀಲಿಸುವುದಿತ್ತು. ಅವರು ಒಪ್ಪಿದರೆ ಶಾಲೆ ಪರೀಕ್ಷಾ ಕೇಂದ್ರವಾಗುತ್ತದೆ, ಇಲ್ಲಿಯ ಮಕ್ಕಳು ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯಲು ಶಿವಮೊಗ್ಗಕ್ಕೆ ಹೋಗುವುದು ತಪ್ಪುತ್ತದೆ. ಒಪ್ಪದಿದ್ದರೆ ಕೆಲಸ ಸೊಸೆಯ ಕೈ ತಪ್ಪಿ ಬೇರೆಯವರಿಗೆ ಹೋಗುತ್ತದೆ. ಮೊದಲ ಕೆಲಸವೇ ಕೈತಪ್ಪಿದವಳನ್ನು ಎರಡನೆಯದಕ್ಕೆ ಯಾರು ಕರೆಯುತ್ತಾರೆ?

"ನಂಬರು ಬರೆಯೋಕೆ ಒಬ್ರು ಬೇಕು ಮಾವ. ನಿಮ್ಮಷ್ಟು ಶಿಸ್ತಾಗಿ ಯಾರೂ ಬರೆಯಲ್ಲ" ಎಂದು ಅವಳು ಕೇಳಿದ್ದಳು. ಏಳೂಕಾಲರ ಬಸ್ಸಿಗೆ ಏಳಕ್ಕೇ ಹೋಗಿ ನಿಂತೆ.

ಕೆಲಸ ನನಗೆ ಪೂರ್ತಿ ಹೊಸದೇನಲ್ಲ. ಅದಕ್ಕೆ ಹಿಂದಿನ ಎರಡು ವಾರ ರಾಗಿ ರೊಟ್ಟಿ ತಟ್ಟುತ್ತ ತಟ್ಟುತ್ತಲೇ ಅವಳು ನನಗೆ ಅದರ ಒಳಗುಟ್ಟು ಹೇಳಿದ್ದಳು.

"ಪ್ರತಿ ಕಂಪ್ಯೂಟರಿಗೂ ಹುಟ್ಟುವಾಗ್ಲೇ ಒಂದು ನಂಬರು ಹಾಕಿರ್ತಾರೆ ಮಾವ. ಹನ್ನೆರಡು ಅಕ್ಷರ. ಮೊದಲರ್ಧ ಯಾವ ಕಂಪ್ನೀದು ಅಂತ, ಉಳಿದರ್ಧ ಅದರದೇ ಸ್ವಂತ ನಂಬರು."

"ನಾವು ಬರೆ ಹಾಕ್ತಿದ್ವಲ್ಲ, ಹಾಗೇ ಅನ್ನು. ಮೊದಲು ಹಿಂಡಿನ ಗುರುತು, ಆಮೇಲೆ ದನದ್ದು."

"ಬರೇನೇ ಕಣ್ರೀ! ಸುಟ್ಟು ಕೂರಿಸಿದ ವಿಳಾಸ ಅಂತಾನೇ ಇಂಗ್ಲಿಷಲ್ಲಿ ಅದಕ್ಕೆ ಹೆಸರು."

ನನಗೆ ಅಲ್ಲಿಂದ ಆಸಕ್ತಿ ಹತ್ತಿತು. ಮಾರನೆಯ ದಿನ ಮಾಹಿತಿ ಹೇಗೆ ಹೋಗುತ್ತದೆ ಎಂಬುದನ್ನು ಹೇಳಿದಳು. ಇಡೀ ಕಾಗದ ಒಂದೇ ಸಲ ಹೋಗುವುದಿಲ್ಲವಂತೆ. ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ಚೌಕಟ್ಟು ಹಾಕಿ ಕಳಿಸುತ್ತಾರೆ. ತಲೆಯಲ್ಲಿ ಯಾರಿಗೆ ಮತ್ತು ಯಾರಿಂದ ಎಂಬ ಎರಡು ನಂಬರು, ನಡುವೆ ಸರಕು, ಬಾಲದಲ್ಲಿ ತಾಳೆ ನೋಡುವ ಒಂದು ಅಂಕೆ. ಇದೂ ನಮ್ಮದೇ. ಒಂದು ಕಾವಲಿನಿಂದ ಇನ್ನೊಂದಕ್ಕೆ ದನ ಕಳಿಸುವಾಗ ನಾವು ಬರೆಯುತ್ತಿದ್ದ ರವಾನೆ ಚೀಟಿ ಹಾಗೇ ಇತ್ತು. ಮೇಲೆ ಯಾವ ಕಾವಲಿಗೆ, ಯಾವ ಕಾವಲಿನಿಂದ. ನಡುವೆ ದನಗಳ ಪಟ್ಟಿ. ಕೆಳಗೆ ಒಟ್ಟು ತಲೆ. ತಲೆ ಎಣಿಸಿದಾಗ ಒಂದು ಹೆಚ್ಚಾಗಲಿ ಕಡಿಮೆಯಾಗಲಿ, ಆ ತಂಡವನ್ನು ನಾನು ಅಂಗಳಕ್ಕೇ ಬಿಟ್ಟುಕೊಳ್ಳುತ್ತಿರಲಿಲ್ಲ.

"ತಾಳೆಯಾಗದಿದ್ರೆ ಏನ್ಮಾಡ್ತದೆ ನಿನ್ನ ಡಬ್ಬಿ?"

"ಬಿಸಾಕುತ್ತೆ. ಯಾಕೆ ಅಂತಾನೂ ಹೇಳಲ್ಲ. ಬರ್ಲಿಲ್ಲ ಅಂತ ಆ ಕಡೆಯೋರು ಕೇಳಿದ್ರೆ ಇವ್ರು ಮತ್ತೆ ಕಳಿಸ್ಬೇಕು."

"ಖಡಕ್ಕು" ಎಂದೆ. ಮೆಚ್ಚುಗೆಯಿಂದಲೇ ಎಂದೆ.

ಮೂರನೆಯ ದಿನ ಸ್ವಿಚ್ ಎಂಬ ಆ ಡಬ್ಬಿಯನ್ನೇ ಮನೆಗೆ ತಂದು ನನ್ನ ಮುಂದಿಟ್ಟಳು. ಇಟ್ಟಿಗೆಗಿಂತ ಸ್ವಲ್ಪ ಉದ್ದ, ಮುಂಭಾಗದಲ್ಲಿ ವೈರು ಸಿಕ್ಕಿಸುವ ಇಪ್ಪತ್ತನಾಲ್ಕು ಕಂಡಿ, ಒಂದೊಂದಕ್ಕೂ ಒಂದು ಪುಟ್ಟ ದೀಪ. "ಇದಕ್ಕೆ ಮೊದಲ ದಿನ ಏನೂ ಗೊತ್ತಿರಲ್ಲ ಮಾವ, ಯಾವ ಕಂಡೀಲಿ ಯಾವ ಕಂಪ್ಯೂಟರ್ ಐತೆ ಅಂತ..." ಎಂದು ಶುರುಮಾಡಿದಳು.

"ತಾಳು. ಮುಂದಿನದು ನಾನು ಹೇಳ್ತೀನಿ. ಒಂದು ಬಾಗಿಲಿಂದ ದನ ಹೊರಗೆ ಬಂತು ಅಂದ್ರೆ ಅದರ ಬರೆ ಓದಿ, ಈ ನಂಬರು ಮೂರನೇ ಬಾಗಿಲು ಅಂತ ಪುಸ್ತಕಕ್ಕೆ ಬರ್ಕೊಳ್ತದೆ. ನಾಳೆ ಆ ದನಕ್ಕೆ ಚೀಟಿ ಬಂದ್ರೆ ಮೂರನೇ ಬಾಗಿಲಿಗೆ ಮಾತ್ರ ಕಳಿಸ್ತದೆ. ಪುಸ್ತಕದಲ್ಲಿ ಇಲ್ಲದ ನಂಬರಿಗೆ ಚೀಟಿ ಬಂದ್ರೆ, ಬಂದ ಬಾಗಿಲು ಬಿಟ್ಟು ಉಳಿದ ಎಲ್ಲ ಬಾಗಿಲಿಗೂ ಕೂಗ್ತದೆ. ಯಾವುದರಿಂದ ದನ ಬರ್ತದೋ ಅದನ್ನ ಬರ್ಕೊಳ್ತದೆ. ಸುಮಾರು ದಿನ ಕಾಣದ್ದನ್ನ ಹೊಡೆದುಹಾಕ್ತದೆ. ಸರಿಯಾ?"

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಸುಮಾರು ದಿನ ಅಲ್ಲ, ಐದು ನಿಮಿಷ. ಉಳಿದದ್ದೆಲ್ಲ ಸರಿ. ಇದನ್ನ ನಿಮಗ್ಯಾರು ಹೇಳಿಕೊಟ್ರು?"

"ದನ" ಎಂದೆ.

ನಮ್ಮ ಕೇಂದ್ರದಲ್ಲಿ ನಡುವೆ ಒಂದು ದುಂಡನೆಯ ಅಂಗಳ, ಸುತ್ತ ಆರು ದೊಡ್ಡಿ, ಆರು ಬಾಗಿಲು. ಹೊಸ ಹಿಂಡು ಬಂದ ದಿನ ನಾನು ಅಂಗಳದ ನಡುವೆ ಪುಸ್ತಕ ಹಿಡಿದು ನಿಂತು ಮಾಡುತ್ತಿದ್ದದ್ದು ಅಕ್ಷರಶಃ ಇದನ್ನೇ. ಯಾರೋ ಎಲ್ಲಿಯೋ ಕುಳಿತು ನನ್ನ ಕೆಲಸವನ್ನು ಒಂದು ಇಟ್ಟಿಗೆಯೊಳಗೆ ತುಂಬಿದ್ದಾರೆ ಎನಿಸಿ, ಅವತ್ತು ಒಂದು ರೊಟ್ಟಿ ಹೆಚ್ಚು ತಿಂದೆ.

ಇನ್ನು ಆ ಮಂಗಳವಾರಕ್ಕೆ ಬರುತ್ತೇನೆ.

ವೈರು ಎಳೆಯುವುದು ಹಿಂದಿನ ದಿನವೇ ಮುಗಿದಿತ್ತು. ಬೆಳಿಗ್ಗೆ ನನ್ನ ಪಾಲಿಗೆ ಬಂದದ್ದು ಬಿಲ್ಲೆ ಕಟ್ಟುವ ಕೆಲಸ. ಹಳದಿ ಪ್ಲಾಸ್ಟಿಕ್ ಚೂರುಗಳಲ್ಲಿ ನಂಬರು ಬರೆದು ಪ್ರತಿ ವೈರಿನ ಎರಡೂ ತುದಿಗೆ ಕಟ್ಟಬೇಕು. ಒಂದರಿಂದ ಇಪ್ಪತ್ತು ಕಂಪ್ಯೂಟರುಗಳು, ಇಪ್ಪತ್ತೊಂದು ಸರ್ವರ್. ಅಟೆಂಡರ್ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ. ಐವತ್ತರ ಆಸುಪಾಸಿನ ಮನುಷ್ಯ, ಮಾತು ಕುಡುಗೋಲಿನಷ್ಟು ಹರಿತ.

"ಏನ್ ಯಜಮಾನ್ರೇ, ವೈರಿಗೂ ಕಿವಿ ಚುಚ್ತಾ ಇದ್ದೀರಾ?"

"ಚುಚ್ಚದಿದ್ರೆ ನಾಳೆ ನೀನೇ ಕಳೆದುಹೋಯ್ತು ಅಂತ ಹುಡುಕ್ತೀಯ."

"ನಂಗೂ ಒಂದು ಕಟ್ಬುಡಿ ಹಾಗಾದ್ರೆ. ಮೇಡಮ್ಮೋರು ದಿನಾ ನನ್ನೇ ಹುಡುಕ್ತಿರ್ತಾರೆ."

ಹನ್ನೆರಡೂವರೆಗೆ ಕೊನೆಯ ಬಿಲ್ಲೆ ಕಟ್ಟಿದೆ. ಸೊಸೆ ಒಂದು ಸಲ ಎಲ್ಲ ಕಂಪ್ಯೂಟರುಗಳನ್ನೂ ಹಚ್ಚಿ, ಇಪ್ಪತ್ತರಲ್ಲೂ ಪ್ರಶ್ನೆಪತ್ರಿಕೆ ಮೂಡಿದ್ದನ್ನು ನೋಡಿಕೊಂಡು, ಕೈ ತೊಳೆದು ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಕಾಗದಪತ್ರ ತೋರಿಸಲು ಕೆಳಗೆ ಹೋದಳು. ನಾನು ಒಬ್ಬನೇ ಉಳಿದೆ. ಒಬ್ಬನೇ ಉಳಿದರೆ ನಾನು ಸುಮ್ಮನೆ ಕೂರುವವನಲ್ಲ. ನೆಲ ಗುಡಿಸಿದೆ, ವೈರಿನ ಸಿಪ್ಪೆ ಆಯ್ದೆ, ಸ್ವಿಚ್ ಇಟ್ಟಿದ್ದ ಕಬ್ಬಿಣದ ಕಪಾಟಿನ ಧೂಳು ಒರೆಸಿದೆ. ಕಪಾಟಿನ ಬಾಗಿಲಿಗೆ ಒಂದು ವೈರು ಸುರುಳಿ ಸುತ್ತಿ ನೇತುಹಾಕಿದ್ದರು. ಒಂದು ತುದಿ ಇಪ್ಪತ್ತೆರಡನೇ ಕಂಡಿಯಲ್ಲಿತ್ತು, ಇನ್ನೊಂದು ತುದಿ ಬಿಲ್ಲೆ ಇಲ್ಲದೆ ಗಾಳಿಯಲ್ಲಿ ತೂಗಾಡುತ್ತಿತ್ತು. ಕೊನೆಯ ಕಂಡಿ ಖಾಲಿ ಇತ್ತು. ತುದಿಯನ್ನು ಅಲ್ಲಿ ಸಿಕ್ಕಿಸಿದೆ. ಟಿಕ್ ಎಂದು ಚೆನ್ನಾಗಿ ಕೂತಿತು. ಕಪಾಟು ಈಗ ಅಚ್ಚುಕಟ್ಟಾಗಿ ಕಂಡಿತು. ಪುಸ್ತಕ ತೆಗೆದು ಬರೆಯುವುದನ್ನು ಬರೆದು, ಮೊಸರನ್ನದ ಡಬ್ಬಿ ಬಿಚ್ಚಿದೆ.

ಒಂದೂಕಾಲಿಗೆ ಸೊಸೆ ಮತ್ತು ಮುಖ್ಯೋಪಾಧ್ಯಾಯಿನಿ ಒಟ್ಟಿಗೆ ಮೇಲೆ ಬಂದರು. ಆಕೆಗೆ ಒಂದು ಸಲ ತೋರಿಸಲೆಂದು ಸೊಸೆ ಸರ್ವರಿನಿಂದ ಪ್ರಶ್ನೆಪತ್ರಿಕೆ ಬಿಟ್ಟಳು. ಒಂದೂ ಪರದೆಯಲ್ಲಿ ಅದು ಮೂಡಲಿಲ್ಲ. ಇಪ್ಪತ್ತೂ ಕಂಪ್ಯೂಟರಿನಲ್ಲಿ ಕಾಯಿರಿ ಎಂಬ ಚಕ್ರ ಸುತ್ತತೊಡಗಿತು.

ಸೊಸೆ ಸರ್ವರನ್ನು ಆರಿಸಿ ಹಚ್ಚಿದಳು. ಚಕ್ರ ಸುತ್ತುತ್ತಲೇ ಇತ್ತು. ಸ್ವಿಚ್ಚನ್ನು ಆರಿಸಿ ಹಚ್ಚಿದಳು. ಎರಡು ಕ್ಷಣ ಎಲ್ಲವೂ ಸರಿಹೋದಂತೆ ಕಂಡು, ಮತ್ತೆ ಚಕ್ರ. ಸ್ವಿಚ್ಚಿನ ದೀಪಗಳು ಅಷ್ಟೂ ಒಟ್ಟಿಗೆ, ಒಂದೇ ತಾಳಕ್ಕೆ, ಬಡಿದುಕೊಳ್ಳುತ್ತಿದ್ದವು. ಬೆಳಿಗ್ಗೆ ಅವು ಒಂದೊಂದು ಒಂದೊಂದು ಕಾಲಕ್ಕೆ ಮಿನುಗುತ್ತಿದ್ದುದನ್ನು ನಾನು ಕಂಡಿದ್ದೆ.

"ನೋಡಮ್ಮಾ" ಎಂದರು ಮುಖ್ಯೋಪಾಧ್ಯಾಯಿನಿ. ಕೆಟ್ಟವರಲ್ಲ ಆಕೆ, ಹೆದರಿದ್ದರು. "ಮೂರು ಗಂಟೆಗೆ ಸರಿಯಾಗಿ ಸಾಹೇಬ್ರು ಬರ್ತಾರೆ. ಹೆಂಗಸಿನ ಕೈಲಿ ಆಗುತ್ತಾ ಅಂತ ಕಮಿಟಿಯೋರು ಕೇಳಿದಾಗ ಆಗುತ್ತೆ ಅಂತ ನಾನೇ ಹೇಳಿದ್ದೀನಿ. ಇವತ್ತು ಆಗ್ಲಿಲ್ಲ ಅಂದ್ರೆ ಅವರು ನಾಳೆನೇ ಶಿವಮೊಗ್ಗದೋರನ್ನ ಕರೆಸ್ತಾರೆ. ನಾನು ತಡೆಯೋಕಾಗಲ್ಲ ಕಣಮ್ಮ."

"ಆಗುತ್ತೆ ಮೇಡಂ" ಎಂದಳು ಸೊಸೆ. ಆಕೆ ಕೆಳಗೆ ಹೋದ ಮೇಲೆ ಒಂದು ಬಾಟಲಿ ನೀರನ್ನು ಒಂದೇ ಉಸಿರಿಗೆ ಕುಡಿದಳು.

ಮುಂದಿನ ಮುಕ್ಕಾಲು ಗಂಟೆ ಅವಳು ಒಂದೊಂದೇ ಕಂಪ್ಯೂಟರಿನ ವೈರು ಬಿಚ್ಚಿ ನೋಡಿದಳು. ಒಂದು, ಎರಡು, ಮೂರು. ನಾನು ಪಕ್ಕದಲ್ಲಿ ನಿಂತು ಬಿಚ್ಚಿದ ಹೊತ್ತು, ಮತ್ತೆ ಸಿಕ್ಕಿಸಿದ ಹೊತ್ತು ಬರೆದುಕೊಂಡೆ. ಇಪ್ಪತ್ತು ಮುಗಿದವು. ದೀಪಗಳು ಹಾಗೇ ಕುಣಿಯುತ್ತಿದ್ದವು. ಅಟೆಂಡರ್ ಮೂರು ಲೋಟ ಚಹಾ ತಂದಿಟ್ಟು, ತನ್ನ ಲೋಟ ಹಿಡಿದು ಮತ್ತೆ ಬಾಗಿಲಿಗೆ ಒರಗಿದ.

ಎರಡು ಗಂಟೆ ಹತ್ತು ನಿಮಿಷಕ್ಕೆ ಅವಳು ತನ್ನ ಲ್ಯಾಪ್‌ಟಾಪಿನಿಂದ ಒಂದು ನೀಲಿ ವೈರನ್ನು ಸ್ವಿಚ್ಚಿನ ಪಕ್ಕದ ಬೇರೆಯೇ ಕಂಡಿಗೆ ಹಾಕಿದಳು. "ಇದು ಡಬ್ಬೀನ ನೇರವಾಗಿ ಮಾತಾಡ್ಸೋ ದಾರಿ. ಅದರ ಪುಸ್ತಕಾನೇ ತೆಗೆದು ನೋಡ್ತೀನಿ" ಎಂದಳು. ಪರದೆಯ ಮೇಲೆ ಎರಡು ಸಾಲುಗಳು ಬಂದವು. ಎಡಕ್ಕೆ ಹನ್ನೆರಡು ಅಕ್ಷರದ ನಂಬರುಗಳು, ಬಲಕ್ಕೆ ಬಾಗಿಲಿನ ಸಂಖ್ಯೆಗಳು. ನನ್ನ ಹಾಜರಿ ಪುಸ್ತಕವೇ ಎದುರಿಗೆ ಬಂದ ಹಾಗಾಯಿತು. ನಾನು ಕನ್ನಡಕ ಏರಿಸಿ ಮುಂದೆ ಬಾಗಿದೆ.

"ಐದನೇ ಕಂಪ್ಯೂಟರಿಂದು ಯಾವುದು?"

ಅವಳು ತೋರಿಸಿದಳು. ಬಲಕ್ಕೆ ಇಪ್ಪತ್ತೆರಡು ಎಂದಿತ್ತು.

"ಐದನೇ ದನ ಇಪ್ಪತ್ತೆರಡನೇ ಬಾಗಿಲಲ್ಲಿ ಏನ್ಮಾಡ್ತದೆ? ಮತ್ತೆ ತೋರ್ಸು."

ಮತ್ತೆ ತೆಗೆದಳು. ಈಗ ಅದೇ ನಂಬರಿನ ಎದುರು ಇಪ್ಪತ್ತನಾಲ್ಕು. ಇನ್ನೊಮ್ಮೆ ತೆಗೆದಳು, ಇಪ್ಪತ್ತೆರಡು. ಸರ್ವರಿನ ನಂಬರೂ ಹಾಗೇ, ಹನ್ನೊಂದನೆಯದೂ ಹಾಗೇ. ಪುಸ್ತಕ ಬರೆಯುವವನಿಗೆ ಇದಕ್ಕಿಂತ ದೊಡ್ಡ ದುಃಸ್ವಪ್ನ ಇಲ್ಲ. ಒಂದೇ ದನ ಗಳಿಗೆಗೊಮ್ಮೆ ಬೇರೆ ಬಾಗಿಲಿಂದ ಬರುತ್ತಿದೆ. ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆಯುವುದರಲ್ಲೇ ಅವನ ಹೊತ್ತು ಕಳೆಯುತ್ತಿದೆ.

ನನಗೆ ಒಂದು ಹಳೆಯ ಸಂಜೆ ನೆನಪಾಯಿತು. ನಾಲ್ಕನೇ ದೊಡ್ಡಿಗೆ ಕಳಿಸಿದ ಹಸು ಆರನೇ ಬಾಗಿಲಿಂದ ಅಂಗಳಕ್ಕೆ ಬಂದಿತ್ತು. ಮತ್ತೆ ಕಳಿಸಿದೆ, ಮತ್ತೆ ಬಂತು. ಅದರ ಹಿಂದೆ ಇನ್ನಷ್ಟು ದನ ಸುತ್ತು ಹಾಕತೊಡಗಿ, ಅಂಗಳದ ತುಂಬ ಧೂಳೆದ್ದು, ಕೊನೆಗೆ ಯಾವ ದನವೂ ತನ್ನ ಜಾಗ ಸೇರದ ಹಾಗಾಯಿತು. ಹಿಂದೆ ಹೋಗಿ ನೋಡಿದರೆ ನಾಲ್ಕಕ್ಕೂ ಆರಕ್ಕೂ ನಡುವಿನ ಬೇಲಿ ಬಿದ್ದು ದಾರಿಯಾಗಿತ್ತು.

"ತಾಯಿ, ಇಪ್ಪತ್ತೆರಡಕ್ಕೂ ಇಪ್ಪತ್ತನಾಲ್ಕಕ್ಕೂ ಹಿಂದಿನಿಂದ ಎಲ್ಲೋ ದಾರಿ ಆಗೈತೆ. ಇಲ್ಲಿಂದ ಹೋದದ್ದು ಅಲ್ಲಿಂದ ವಾಪಸ್ ಬತ್ತಾ ಐತೆ."

ಅವಳು ತಲೆಯಾಡಿಸಿದಳು. "ಇಪ್ಪತ್ತನಾಲ್ಕು ಖಾಲಿ ಮಾವ. ನಾನು ಮುಟ್ಟೇ ಇಲ್ಲ."

ನಾನು ನನ್ನ ಪುಸ್ತಕ ತೆರೆದೆ. ನೆನಪಿನ ಮೇಲೆ ನಾನು ಎಂದೂ ಭರವಸೆ ಇಟ್ಟವನಲ್ಲ. ಅಂದಿನ ಪುಟದ ನಡುವೆ ನನ್ನದೇ ದುಂಡಕ್ಷರದಲ್ಲಿ ಹೀಗಿತ್ತು: ಹನ್ನೆರಡು ಐವತ್ತು. ಬಾಗಿಲು, ಕಪಾಟಿನದು, ಹಾಕಿದೆ. ಹಗ್ಗ, ಒಂದು ತುದಿ ಸಡಿಲ ಇತ್ತು, ಕಟ್ಟಿದೆ.

ಎರಡು ಸಲ ಓದಿದೆ. ಇಷ್ಟು ವಯಸ್ಸಿಗೆ, ಇಷ್ಟು ವರ್ಷ ಬಾಗಿಲು ಕಾದವನು, ಬೇಲಿಯನ್ನು ನಾನೇ ಮುರಿದಿದ್ದೆ. ಪುಸ್ತಕವನ್ನು ಅವಳ ಮುಂದಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟೆ. ಅವಳು ಓದಿದಳು. ಎದ್ದು ಕಪಾಟಿನ ಬಾಗಿಲು ಪೂರ್ತಿ ತೆಗೆದು ಆ ವೈರಿನ ತುದಿಯನ್ನು ಎಳೆದಳು.

ದೀಪಗಳು ಒಮ್ಮೆಲೇ ಶಾಂತವಾದವು. ಇಪ್ಪತ್ತು ಪರದೆಗಳ ಮೇಲೆ ಪ್ರಶ್ನೆಪತ್ರಿಕೆ ಸಾಲಾಗಿ ಮೂಡಿತು. ಅಟೆಂಡರ್ ಚಪ್ಪಾಳೆ ಹೊಡೆದ.

"ಅದು ಬರೋ ಸಾಹೇಬ್ರ ಲ್ಯಾಪ್‌ಟಾಪಿಗೆ ಅಂತ ಬಿಟ್ಟಿದ್ದ ವೈರು ಮಾವ" ಎಂದಳು ಸೊಸೆ. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ಬಿಲ್ಲೆ ಇರ್ಲಿಲ್ಲ" ಎಂದೆ. ಹೇಳಿದ ಮೇಲೆ ಅದೂ ನನ್ನ ತಪ್ಪೇ ಎಂದು ಹೊಳೆಯಿತು. ಬಿಲ್ಲೆ ಕಟ್ಟುವವನು ನಾನೇ ತಾನೆ?

"ಬಿಡಿ, ನಂದೂ ಅರ್ಧ ಐತೆ" ಎಂದು ಅವಳು ಕುರ್ಚಿ ಎಳೆದು ಕೂತು ವಿವರಿಸಿದಳು. ಯಾರಾದರೂ ಹೀಗೆ ಸುತ್ತುದಾರಿ ಮಾಡಿದರೆ ಪತ್ತೆಹಚ್ಚಿ ಆ ಬಾಗಿಲನ್ನು ತಾನಾಗಿಯೇ ಮುಚ್ಚುವ ಏರ್ಪಾಡು ಸ್ವಿಚ್ಚಿನಲ್ಲೇ ಇದೆಯಂತೆ. ಬಾಗಿಲಿಗೊಬ್ಬ ಕಾವಲುಗಾರ ಇದ್ದ ಹಾಗೆ. ಆದರೆ ಅವನು ಹೊಸದಾಗಿ ಸಿಕ್ಕಿಸಿದ ಪ್ರತಿಯೊಂದನ್ನೂ ಅರ್ಧ ನಿಮಿಷ ನಿಲ್ಲಿಸಿ ವಿಚಾರಿಸಿಯೇ ಬಿಡುತ್ತಾನೆ. ಕಂಪ್ಯೂಟರುಗಳು ಅಷ್ಟು ಹೊತ್ತು ಕಾಯದೆ ಸರ್ವರ್ ಸಿಗಲಿಲ್ಲ ಎಂದು ಕೈಚೆಲ್ಲುತ್ತಿದ್ದವು. ಹಿಂದಿನ ದಿನ ಅವಸರದಲ್ಲಿ ಅವಳು ಆ ಏರ್ಪಾಡನ್ನೇ ನಿಲ್ಲಿಸಿಬಿಟ್ಟಿದ್ದಳು.

"ವಿಚಾರಿಸ್ತಾನೆ ಅಂತ ಕಾವಲುಗಾರನ್ನೇ ಕೆಲಸದಿಂದ ತೆಗೆದೆ ಅನ್ನು."

"ತೆಗೆದ್ಬಿಟ್ಟೆ."

"ಆರನೇ ದೊಡ್ಡೀಲಿ ನಮ್ಮಲ್ಲೂ ಒಬ್ಬ ಇದ್ದ. ಮನೆ ದನಾನೂ ನಿಲ್ಸಿ ಕೇಳೋನು. ಅವನನ್ನ ತೆಗೀಲಿಲ್ಲ. ದಿನಾ ಬರೋ ದನಾನ ಹಾಗೇ ಬಿಡು, ಹೊಸ ಮುಖಾನ ಮಾತ್ರ ಕೇಳು ಅಂತ ಹೇಳಿದ್ವಿ."

ಸೊಸೆ ನನ್ನನ್ನೇ ನೋಡಿದಳು. "ಅದನ್ನೂ ಮಾಡ್ಬೋದು ಮಾವ" ಎಂದು ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಗಂಟೆ ಎರಡೂವರೆ. ಒಂದರಿಂದ ಇಪ್ಪತ್ತೊಂದರವರೆಗಿನ ಬಾಗಿಲುಗಳಿಗೆ ಕಾಯಿಸದೆ ಬಿಡುವ ಅಪ್ಪಣೆ. ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕಕ್ಕೆ ನಿಲ್ಲಿಸಿ ವಿಚಾರಿಸುವ ಅಪ್ಪಣೆ. ಅವಳು ಬಾಗಿಲಿನ ಸಂಖ್ಯೆ ಹೇಳುತ್ತ ಹೋದಳು, ನಾನು ಕಾಗದದಲ್ಲಿ ಗುರುತು ಹಾಕುತ್ತ ಹೋದೆ. ಹೀಗೆ ಇಬ್ಬರೂ ಸೇರಿ ಹಾಜರಿ ಕೂಗಿದ ಹಾಗೆ ಇಪ್ಪತ್ತನಾಲ್ಕೂ ಮುಗಿಸಿದಾಗ ಎರಡು ಗಂಟೆ ಐವತ್ತೆರಡು ನಿಮಿಷ. ಕಂಪ್ಯೂಟರುಗಳನ್ನೆಲ್ಲ ಒಮ್ಮೆ ಆರಿಸಿ ಹಚ್ಚಿ ನೋಡಿದೆವು. ಒಂದೂ ಕೈಚೆಲ್ಲಲಿಲ್ಲ.

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಮೇಲೆ ಬಂದು, ಏನಾಗಿತ್ತು ಎಂದು ಕೇಳಿದರು. ಸೊಸೆ ಬಾಯಿ ತೆರೆಯುವ ಮೊದಲು ನಾನು ಎದ್ದು ನಿಂತೆ. "ತಪ್ಪು ನನ್ನದು ಮೇಡಂ. ಖಾಲಿ ಬಿಡಬೇಕಾದ ವೈರು ಸಿಕ್ಕಿಸಿದ್ದೆ. ಹುಡುಕಿ ಸರಿಮಾಡಿದ್ದು ಇವಳು." ನಮ್ಮ ಕೇಂದ್ರದಲ್ಲಿ ತಪ್ಪು ಮಾಡಿದವನೇ ಕೆಂಪು ಶಾಯಿಯಲ್ಲಿ ಬರೆಯಬೇಕೆಂಬ ನಿಯಮವಿತ್ತು. ಆಕೆಯ ಕೈಯಲ್ಲಿದ್ದ ಕೆಂಪು ಪೆನ್ನನ್ನು ಕೇಳಿ ತೆಗೆದುಕೊಂಡು ಅಲ್ಲೇ ಬರೆದೆ. ಬರೆದದ್ದನ್ನು ಓದುತ್ತ ಆಕೆ ಪೆನ್ನು ವಾಪಸು ಇಸಿದುಕೊಳ್ಳುವುದನ್ನೇ ಮರೆತರು.

ಮೂರು ಗಂಟೆ ಐದಕ್ಕೆ ಅಧಿಕಾರಿ ಬಂದರು. ಸಣ್ಣಗಿನ ಮನುಷ್ಯ, ಹೆಗಲಿಗೆ ಒಂದು ಚೀಲ, ಮಾತು ಕಡಿಮೆ. ಇಪ್ಪತ್ತೂ ಕಂಪ್ಯೂಟರಿನ ಮುಂದೆ ಕೂತು ಎದ್ದರು. ಒಂದರ ವೈರು ಕಿತ್ತು, ಉಳಿದವು ನಡೆಯುತ್ತಿವೆಯೇ ನೋಡಿದರು. ಬಿಲ್ಲೆಗಳ ಎರಡೂ ತುದಿ ತಾಳೆ ನೋಡಿ, ಇದನ್ನು ಬರೆದವರು ಯಾರು ಎಂದು ಕೇಳಿದರು. ಅಟೆಂಡರ್ ನನ್ನ ಕಡೆ ಕೈ ತೋರಿಸಿ, "ಇವ್ರು ಕಣ್ರೀ ಸಾರ್, ದನದ ಡಿಪಾರ್ಟ್‌ಮೆಂಟು" ಎಂದ. ಅಧಿಕಾರಿ ನಗದೆ ಮುಂದೆ ಹೋದರು. ತಮ್ಮ ಲ್ಯಾಪ್‌ಟಾಪನ್ನು ಇಪ್ಪತ್ತೆರಡನೆಯ ವೈರಿಗೆ ಹಾಕಿದರು. ಏನೂ ಬರಲಿಲ್ಲ. ಹುಬ್ಬು ಏರಿತು.

"ಅರ್ಧ ನಿಮಿಷ ಸಾರ್. ಹೊಸಬರನ್ನ ವಿಚಾರಿಸಿ ಬಿಡುತ್ತೆ" ಎಂದಳು ಸೊಸೆ.

ಅವರು ಕೈಗಡಿಯಾರ ನೋಡಿದರು. ನಾನೂ ನೋಡಿದೆ. ಮೂವತ್ತನೆಯ ಸೆಕೆಂಡಿಗೆ ದೀಪ ಹಸಿರಾಯಿತು, ಅವರ ಪರದೆ ತೆರೆದುಕೊಂಡಿತು. "ಹೂಂ" ಎಂದರು.

ಆಮೇಲೆ ಅವರು ಚೀಲದಿಂದ ಒಂದು ಮೊಳ ಉದ್ದದ ವೈರು ತೆಗೆದರು. ಒಂದು ತುದಿಯನ್ನು ಇಪ್ಪತ್ತಮೂರನೇ ಕಂಡಿಗೆ ಹಾಕಿದರು. ಇನ್ನೊಂದು ತುದಿಯನ್ನು ಇಪ್ಪತ್ತನಾಲ್ಕನೆಯದಕ್ಕೆ ಹಾಕಿದರು. ಟಿಕ್.

ನಾನು ಕನ್ನಡಕ ಏರಿಸಿ ದೀಪಗಳ ಕಡೆ ಬಾಗಿದೆ. ಸೊಸೆ ಮೇಜಿನ ಅಂಚು ಹಿಡಿದು ನಿಂತಿದ್ದಳು. ಇಪ್ಪತ್ತನಾಲ್ಕನೇ ದೀಪ ಹಸಿರಾಗಲಿಲ್ಲ. ಕಿತ್ತಳೆ ಬಣ್ಣಕ್ಕೆ ತಿರುಗಿ ಅಲ್ಲೇ ನಿಂತಿತು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಉಳಿದ ದೀಪಗಳು ತಮ್ಮ ತಮ್ಮ ಪಾಡಿಗೆ ಮಿನುಗುತ್ತಿದ್ದವು. ಇಪ್ಪತ್ತು ಪರದೆಗಳಲ್ಲಿ ಪ್ರಶ್ನೆಪತ್ರಿಕೆ ಅಲುಗಾಡದೆ ಕೂತಿತ್ತು. ಕಾವಲುಗಾರ ಬಾಗಿಲು ಮುಚ್ಚಿ ಕೋಲು ಅಡ್ಡ ಹಿಡಿದಿದ್ದ.

ಅಧಿಕಾರಿ ಮೊದಲ ಬಾರಿಗೆ ನಕ್ಕರು. "ಇದನ್ನ ಎಲ್ಲಾ ಕಡೆ ಮಾಡಿ ನೋಡ್ತೀನಮ್ಮ. ಸುಮಾರು ಕಡೆ ಇಲ್ಲೇ ಮುಗ್ಗರಿಸ್ತಾರೆ. ಪರೀಕ್ಷೆ ದಿನ ಯಾರೋ ಪುಣ್ಯಾತ್ಮರು ಕಪಾಟು ಒರೆಸೋಕೆ ಹೋಗಿ, ವೈರು ಸುಮ್ನೆ ಬಿದ್ದೈತಲ್ಲ ಅಂತ ಸಿಕ್ಕಿಸಿಬಿಡ್ತಾರೆ. ನೀವು ಮುಂಚೇನೇ ಹೇಗೆ ಯೋಚನೆ ಮಾಡಿದ್ರಿ?"

ಸೊಸೆ ನನ್ನ ಕಡೆ ನೋಡಲಿಲ್ಲ. ಅಷ್ಟು ಉಪಕಾರ ಮಾಡಿದಳು. "ನಮ್ಮ ಮನೇಲಿ ಅನುಭವ ಇರೋರು ಇದ್ದಾರೆ ಸಾರ್" ಎಂದಳು.

ಅಟೆಂಡರ್ ಕೆಮ್ಮು ಬಂದವನಂತೆ ಹೊರಗೆ ಓಡಿದ. ಮುಖ್ಯೋಪಾಧ್ಯಾಯಿನಿ ಕಿಟಕಿಯ ಕಡೆ ತಿರುಗಿ ಸೆರಗು ಬಾಯಿಗೆ ಒತ್ತಿಕೊಂಡರು.

ಅಧಿಕಾರಿ ಅಲ್ಲೇ ಮೇಜಿನ ಮೇಲೆ ನಮೂನೆ ತುಂಬಿದರು. ಕೇಂದ್ರಕ್ಕೆ ಯೋಗ್ಯ ಎಂಬ ಸಾಲಿನ ಮುಂದೆ ಗುರುತು ಹಾಕಿ, ಅದರ ಕೆಳಗೆ ಕೆಲಸ ಮಾಡಿದವರ ಹೆಸರು ಎಂಬಲ್ಲಿಗೆ ಬಂದಾಗ ಪೆನ್ನು ನಿಲ್ಲಿಸಿ ಕೇಳಿದರು. ಸೊಸೆ ತನ್ನ ಹೆಸರು ಹೇಳಿದಳು. ಅಂಗಡಿಯ ಹೆಸರು ಎಂದು ಮತ್ತೆ ಕೇಳಿದರು. "ಅಂಗಡಿ ಇಲ್ಲ ಸಾರ್, ನಾನೇ" ಎಂದಳು. ಅವರು ಅಕ್ಷರ ಬಿಡದೆ ಬರೆದರು. ನಾನು ಹತ್ತಿರ ಹೋಗಿ ಓದಿ ನೋಡಿದೆ. ಸರಿಯಾಗಿತ್ತು. ಪಡಸಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು. "ಆಯ್ತು ಕಣ್ರೀ, ಆಯ್ತು. ಹೂಂ, ಅದೇ ಹೆಂಗಸು. ಪಕ್ಕದ ಕಟ್ಟಡದ್ದೂ ಇವರಿಗೇ ಕೊಡಿ, ಹೇಳಿದ್ದೀನಿ ನೋಡಿ!"

ಅವರು ಹೋದ ಮೇಲೆ ಸೊಸೆ ಏಣಿ ಮಡಚಿದಳು, ಸಾಮಾನು ಚೀಲಕ್ಕೆ ತುಂಬಿದಳು. ಅಟೆಂಡರ್ ಒಳಗೆ ಬಂದು ನನ್ನ ಕೈಯಲ್ಲಿ ಉಳಿದಿದ್ದ ಖಾಲಿ ಬಿಲ್ಲೆ ನೋಡಿ, "ಇದು ನಂಗೇನಾ ಯಜಮಾನ್ರೇ?" ಎಂದ. ನಿನಗಲ್ಲ ಎಂದೆ. ಮರೆತುಹೋಗಿದ್ದ ಕೆಂಪು ಪೆನ್ನು ಇನ್ನೂ ನನ್ನ ಜೇಬಿನಲ್ಲೇ ಇತ್ತು. ಬಿಲ್ಲೆಯ ಮೇಲೆ ದೊಡ್ಡದಾಗಿ, ಇಪ್ಪತ್ತೆರಡು, ಈ ತುದಿಯನ್ನು ಎಲ್ಲಿಯೂ ಸಿಕ್ಕಿಸಬೇಡಿ ಎಂದು ಬರೆದು, ಕಪಾಟಿನ ಬಾಗಿಲಿಗೆ ನೇತುಬಿದ್ದ ವೈರಿನ ತುದಿಗೆ ಎರಡು ಗಂಟು ಹಾಕಿ ಕಟ್ಟಿದೆ. ಪೆನ್ನನ್ನು ಕೆಳಗೆ ಹೋಗಿ ಕೊಟ್ಟು ಬಂದೆ. ಕಪಾಟಿಗೆ ಬೀಗ ಹಾಕಿ ಕೀಲಿಗಳನ್ನು ಅಟೆಂಡರನ ಕೈಗೆ ಎಣಿಸಿ ಕೊಟ್ಟೆ.

ಗಂಟೆ ನಾಲ್ಕೂಮುಕ್ಕಾಲು. ಪುಸ್ತಕ ತೆರೆದು ಕೊನೆಯ ಕೆಲಸ ಮುಗಿಸಿದೆ. ಬಾಗಿಲು, ಹಾಕಿದೆ. ನೀರು, ಕುಡಿಯುವ ಬಾಟಲಿ ಖಾಲಿ, ಬಸ್ ಸ್ಟ್ಯಾಂಡಿನಲ್ಲಿ ತುಂಬಿಸುವುದು. ಹಗ್ಗ, ಒಂದು ತುದಿ ಸಡಿಲ ಇದೆ, ಬೇಕೆಂದೇ ಬಿಟ್ಟಿದೆ.